ಪೆನಿಸಿಲಿನ್ ಸೀಸೆಯಲ್ಲಿ ದಂಟಿನ ಬೀಜ

ಉಬ್ಬಸವೆಂದರೆ ಉಸಿರು ಒಳಗೆ ಹೋಗದಿರುವುದು ಎಂದು ಅದನ್ನು ಅನುಭವಿಸದವರು ತಿಳಿದಿರುತ್ತಾರೆ. ನನಗೆ ಹಾಗಿರಲಿಲ್ಲ. ಒಳಗೆ ಹೋದದ್ದು ಹೊರಗೆ ಬರುತ್ತಿರಲಿಲ್ಲ. ಎದೆ ತುಂಬಿದ ಬಿಂದಿಗೆಯ ಹಾಗೆ ಕಂಠದವರೆಗೆ ನಿಂತುಬಿಡುತ್ತಿತ್ತು. ಅದರ ಮೇಲೆ ಇನ್ನೊಂದು ಚಮಚದಷ್ಟು ಗಾಳಿ ಹಿಡಿಸಲು ಇಡೀ ಮೈ ದುಡಿಯಬೇಕಿತ್ತು. ಸ್ವಲ್ಪ ಹೊತ್ತು ಕಳೆದ ಮೇಲೆ ಭಯ ತೆಳುವಾಗುತ್ತಿತ್ತು. ಜನರ ಮಾತು ಕೆರೆಯ ಆಚೆ ದಡದಿಂದ ಬಂದಂತೆ ಕೇಳುತ್ತಿತ್ತು, ಬೆಳಕು ನೀರಿನೊಳಗಿಂದ ಕಂಡಂತೆ ಅಲುಗುತ್ತಿತ್ತು. ಅದು ಹಾಯೆನಿಸುತ್ತಿತ್ತು. ಆ ಹಾಯಿ ಒಳ್ಳೆಯದಲ್ಲ ಎಂದು ನನಗೆ ಹೇಳಿದವರು ಒಬ್ಬರೇ. ಅವರ ಬಗ್ಗೆ, ಮತ್ತು ಒಂಬತ್ತು ವರ್ಷದವಳಿದ್ದಾಗ ನಾನು ಮುಚ್ಚಿಟ್ಟ ಒಂದು ಸಂಗತಿಯ ಬಗ್ಗೆ ಬರೆಯಬೇಕೆಂದು ಬಹಳ ದಿನಗಳಿಂದ ಅಂದುಕೊಂಡಿದ್ದೆ.

ನಮ್ಮ ಮನೆ ಸಾರಕ್ಕಿಯಲ್ಲಿ, ಕೆರೆಯ ಏರಿಯ ಕೆಳಗಿತ್ತು. ಐವತ್ತರ ದಶಕ ಮುಗಿಯುತ್ತಿದ್ದ ಕಾಲ. ಅಪ್ಪ ಸೊಪ್ಪು ಬೆಳೆಯುತ್ತಿದ್ದ. ಬೆಳಗಾಗುವ ಮೊದಲೇ ಗಾಡಿ ಪೇಟೆಗೆ ಹೊರಟು, ಬಿಸಿಲೇರುವ ಹೊತ್ತಿಗೆ ಖಾಲಿಯಾಗಿ ಮರಳುತ್ತಿತ್ತು. ಅಪ್ಪ, ಅವ್ವ, ಅಪ್ಪನ ತಾಯಿ ಅಂದರೆ ನನ್ನ ಅಜ್ಜಿ, ನಾನು, ತಂಗಿ ಸರೋಜಿ, ಇಷ್ಟು ಜನ. ಸರೋಜಿ ಏಳು ವರ್ಷಕ್ಕೇ ಮಡಿಗೆ ನೀರು ಬಿಡುತ್ತಿದ್ದಳು, ಬಾಳೆನಾರಿನಲ್ಲಿ ಸೊಪ್ಪಿನ ಕಟ್ಟು ಕಟ್ಟುತ್ತಿದ್ದಳು. ನಾನು ಕಣಕ್ಕೆ ಹೋಗುವಂತಿರಲಿಲ್ಲ, ರಾಗಿಯ ಧೂಳು. ಕೊಟ್ಟಿಗೆಗೆ ಹೋಗುವಂತಿರಲಿಲ್ಲ, ಹುಲ್ಲು. ಒಲೆಯ ಮುಂದೆ ಕೂರುವಂತಿರಲಿಲ್ಲ, ಹೊಗೆ. ಬೆಳಗಿನ ಇಬ್ಬನಿಯಲ್ಲಿ ಸೊಪ್ಪು ಕೀಳುವಂತೆಯೂ ಇರಲಿಲ್ಲ. ಜಗಲಿಯ ಮೇಲೆ ಗೋಡೆಗೊರಗಿ ಕೂತು ಎಲ್ಲರೂ ಕೆಲಸ ಮಾಡುವುದನ್ನು ನೋಡುತ್ತಿದ್ದೆ. ಅಜ್ಜಿ ನನ್ನನ್ನು ಒಂದು ದಿನವೂ ಬೈದವಳಲ್ಲ.

"ಕೂತ್ಕೊ ತಾಯಿ, ನಿನ್ ಕೈಲಿ ಏನಾಯ್ತದೆ," ಎನ್ನುತ್ತಿದ್ದಳು.

ಬೈದಿದ್ದರೆ ಚೆನ್ನಾಗಿತ್ತು.

ಆದರೆ ಮನೆಗೆ ನಾನೂ ಒಂದು ವಸ್ತು ತರುತ್ತಿದ್ದೆ. ಉಬ್ಬಸ ಜೋರಾದಾಗ ನನ್ನನ್ನು ಸೇರಿಸುತ್ತಿದ್ದ ಆಸ್ಪತ್ರೆ ಜಯನಗರದ ಹೊಸ ಬಡಾವಣೆಗಳ ಆಚೆಗಿತ್ತು. ಅದರ ಹೆಸರು ಇಲ್ಲಿ ಬೇಡ. ಅಲ್ಲಿ ಉಬ್ಬಸದಿಂದ ಮಲಗಿದ ಮಗುವಿಗೆಲ್ಲ, ಜ್ವರವಿರಲಿ ಬಿಡಲಿ, ಪೆನಿಸಿಲಿನ್ ಕೊಡುತ್ತಿದ್ದರು. ಅದು ಹೆಬ್ಬೆರಳಿನಷ್ಟು ಗಾಜಿನ ಸೀಸೆಯಲ್ಲಿ ಬಿಳಿ ಪುಡಿಯಾಗಿ ಬರುತ್ತಿತ್ತು. ಸಿಸ್ಟರ್ ಅದಕ್ಕೆ ನೀರು ಬಿಟ್ಟು ಅಂಗೈಗಳ ನಡುವೆ ಉರುಳಿಸಿ ಕರಗಿಸುತ್ತಿದ್ದರು. ಪುಡಿ ಕರಗುವುದನ್ನು ನೋಡುತ್ತಾ ನಾನು ಸೂಜಿಯನ್ನು ಮರೆತುಬಿಡುತ್ತಿದ್ದೆ. ಅಳದೆ ಚುಚ್ಚಿಸಿಕೊಂಡ ಮಗುವಿಗೆ ಖಾಲಿ ಸೀಸೆ ಇನಾಮು. ನಾನು ಅತ್ತದ್ದೇ ಇಲ್ಲ. ಒಂದು ಸಲ ವಾರ್ಡಿಗೆ ಸೇರಿದರೆ ಅವ್ವನ ಮಡಿಲಲ್ಲಿ ಹತ್ತು ಹನ್ನೆರಡು ಸೀಸೆ ಕೂಡುತ್ತಿತ್ತು.

ಮೊದಲ ಸಲ ತಂದ ಸೀಸೆಗಳನ್ನು ಅಜ್ಜಿ ಬಿಸಿನೀರಿನಲ್ಲಿ ತೊಳೆದು, ಬಿಸಿಲಿಗಿಟ್ಟು, ದಂಟಿನ ಬೀಜ ತುಂಬಿ ರಬ್ಬರಿನ ಮುಚ್ಚಳ ಒತ್ತಿದಳು. ಅದುವರೆಗೆ ಬೀಜ ಬಟ್ಟೆಯ ಗಂಟಿನಲ್ಲಿರುತ್ತಿತ್ತು. ಮಳೆಗಾಲದಲ್ಲಿ ತೇವ ಹಿಡಿಯುತ್ತಿತ್ತು, ಹುಳ ಬೀಳುತ್ತಿತ್ತು. ಆ ವರ್ಷ ಸೀಸೆಯ ಬೀಜ ಒಂದೂ ಸುಳ್ಳಾಗದೆ ಮೊಳೆಯಿತು. ಅಪ್ಪ ಮಡಿಯ ಬದಿಯಲ್ಲಿ ಕುಕ್ಕರಗಾಲಲ್ಲಿ ಕೂತು ಬಹಳ ಹೊತ್ತು ಆ ಕೆಂಪು ಮೊಳಕೆಗಳನ್ನು ನೋಡಿದ. ಆಮೇಲೆ ನನ್ನನ್ನು ನೋಡಿದ. ಆ ನೋಟ ಇವತ್ತಿಗೂ ನನಗೆ ನೆನಪಿದೆ.

ಸುದ್ದಿ ಕೇರಿಗೆ ಹಬ್ಬಿತು. ಪಕ್ಕದ ಮನೆಯ ನಂಜಕ್ಕ ಜಗಲಿಗೆ ಬಂದು, "ಏನೇ ಚಂದ್ರಿ, ಆಸ್ಪತ್ರೆಗೆ ಯಾವಾಗ್ಲೆ ಓಗೋದು? ನಂಗೂ ನಾಕ್ ಸೀಸೆ ಬೇಕಿತ್ತು," ಎಂದು ನಗುತ್ತಿದ್ದಳು.

"ನಿನ್ ಬಾಯಿಗೆ ಬೂದಿ ಹಾಕ," ಎಂದು ಅವ್ವ ಒಳಗಿನಿಂದ ಕೂಗುತ್ತಿದ್ದಳು. ಆದರೂ ಮುಂದಿನ ಸಲ ಅವಳಿಗೆ ನಾಲ್ಕು ಸೀಸೆ ಕೊಟ್ಟಳು.

ಮೂರನೆಯ ಸಲ ಆಸ್ಪತ್ರೆಯಲ್ಲಿದ್ದಾಗ, ಮನೆಗೆ ಕಳಿಸುವ ಹಿಂದಿನ ದಿನ ಮಧ್ಯಾಹ್ನ ಅದು ಆಯಿತು. ಸೂಜಿ ಹಾಕಿ ಸಿಸ್ಟರ್ ಮುಂದಿನ ಮಂಚಕ್ಕೆ ಹೋದರು. ಅವ್ವ ನೀರು ಹಿಡಿಯಲು ಹೋಗಿದ್ದಳು. ಮೊದಲು ಅಂಗೈ ತುರಿಸಿತು. ಆಮೇಲೆ ಪಾದ. ಕೆಳತುಟಿ ಯಾರೋ ಹಿಡಿದು ಎಳೆಯುತ್ತಿರುವಂತೆ ದಪ್ಪವಾಯಿತು, ಹೊಟ್ಟೆಯ ಮೇಲೆ ಕೆಂಪು ದದ್ದು ಎದ್ದವು. ನಾನು ಹೊದಿಕೆಯನ್ನು ಮೂಗಿನವರೆಗೆ ಎಳೆದುಕೊಂಡು ಕಣ್ಣು ಮುಚ್ಚಿದೆ. ಅವ್ವ ಬಂದು ನಿದ್ದೆ ಎಂದುಕೊಂಡಳು. ಕಿಟಕಿಯ ಬಿಸಿಲು ಮಂಚದ ಕಾಲಿನಿಂದ ಗೋಡೆಗೆ ಏರುವಷ್ಟರಲ್ಲಿ ಎಲ್ಲ ಇಳಿದುಹೋಯಿತು. ನಾನು ಯಾರಿಗೂ ಹೇಳಲಿಲ್ಲ. ಹೇಳಿದರೆ ಸೂಜಿ ನಿಲ್ಲಿಸುತ್ತಾರೆ. ಸೂಜಿ ನಿಂತರೆ ಸೀಸೆಯಿಲ್ಲ. ಸೀಸೆಯಿಲ್ಲದಿದ್ದರೆ ನಾನು ಜಗಲಿಯ ಮೇಲೆ ಕೂತವಳು, ಅಷ್ಟೇ. ನನ್ನ ಲೆಕ್ಕ ಅಷ್ಟು ಸರಳವಾಗಿತ್ತು.

ನಾಲ್ಕನೆಯ ಸಲ ಚಳಿಗಾಲ, ಅವರೆಕಾಯಿಯ ಕಾಲ. ನಂಜಕ್ಕನ ಕಣದಲ್ಲಿ ರಾಗಿ ಬಡಿಯುತ್ತಿದ್ದರು, ಗಾಳಿ ನಮ್ಮ ಕಡೆಗಿತ್ತು. ಬೆಳಗ್ಗೆ ಏಳುವಾಗಲೇ ಎದೆಯಲ್ಲಿ ಸಿಳ್ಳೆ. ಡಾಕ್ಟರು ಕೊಟ್ಟಿದ್ದ ಮಾತ್ರೆ ನುಂಗಿದೆ, ಕೈ ನಡುಗಿತೇ ಹೊರತು ಎದೆ ಬಿಡಲಿಲ್ಲ. ಪೇಟೆಯಿಂದ ಗಾಡಿ ಬಂದೊಡನೆ ಅಪ್ಪ ಎತ್ತು ಬಿಚ್ಚದೆ ಹಾಗೇ ತಿರುಗಿಸಿದ. ಒದ್ದೆ ಗೋಣಿಯ ಮೇಲೆ ಅವ್ವ ನನ್ನನ್ನು ಮುಂದಕ್ಕೆ ಬಾಗಿಸಿ ಹಿಡಿದು ಕೂತಳು.

ಆ ದಾರಿ ನನಗೆ ಕನಸಿನಲ್ಲಿ ಈಗಲೂ ಬರುತ್ತದೆ. ಊರು ದಾಟಿದರೆ ಹೊಸ ಬಡಾವಣೆ. ಅಗಲವಾದ ರಸ್ತೆಗಳು, ಆದರೆ ಮನೆಗಳಿಲ್ಲ. ಸೈಟುಗಳ ಮೂಲೆಯಲ್ಲಿ ನಂಬರು ಕೆತ್ತಿದ ಕಲ್ಲುಗಳು ಹುಲ್ಲಿನಲ್ಲಿ ಕೂತ ಮಕ್ಕಳಂತೆ ಸಾಲಾಗಿದ್ದವು. ಎಲ್ಲೋ ಒಂದು ಅರ್ಧ ಕಟ್ಟಿದ ಮನೆಗೆ ಸುಣ್ಣ ಬಳಿದಿದ್ದರು, ಅದು ಬಿಸಿಲಿನಲ್ಲಿ ತೇಲುತ್ತಿತ್ತು. ಅಪ್ಪ ಎತ್ತುಗಳ ಜೊತೆ ಮಾತಾಡುತ್ತಿದ್ದ, ನನ್ನ ಜೊತೆಯಲ್ಲ. ನಾನು ಕೆರೆಯ ತಳದಲ್ಲಿ ಕೂತು ಮೇಲೆ ಗಾಡಿಯೊಂದು ಹೋಗುವುದನ್ನು ನೋಡುತ್ತಿರುವಂತೆ ಅನಿಸುತ್ತಿತ್ತು. ಅವ್ವ ನನ್ನ ಬೆನ್ನಿಗೆ ಕೆನ್ನೆಯಿಟ್ಟಿದ್ದಳು. ಅವಳ ಕೆನ್ನೆ ತಣ್ಣಗಿತ್ತು.

ವಾರ್ಡಿನಲ್ಲಿ ಆ ಸಲ ಹೊಸ ಡಾಕ್ಟರು ಇದ್ದರು. ಹೆಣ್ಣು, ಚಿಕ್ಕ ವಯಸ್ಸು, ಹತ್ತಿಯ ಸೀರೆಯ ಮೇಲೆ ಬಿಳಿ ಕೋಟು. ಅವ್ವ ಅವರನ್ನು ಡಾಕ್ಟ್ರಮ್ಮ ಎಂದಳು, ನನಗೂ ಅವರು ಡಾಕ್ಟ್ರಮ್ಮನೇ. ತೋಳಿಗೆ ಒಂದು ಸಣ್ಣ ಸೂಜಿ ಹಾಕಿದರು. ಎದೆ ಡವಗುಟ್ಟಿತು. ಮಂಚದ ಸುತ್ತ ಹೊದಿಕೆ ಕಟ್ಟಿ ಗುಡಾರ ಮಾಡಿ, ಒಳಗೆ ಕೆಟಲಿನ ಕೊಕ್ಕು ಬಿಟ್ಟರು. ನೀಲಗಿರಿ ಎಣ್ಣೆಯ ವಾಸನೆಯ ಹಬೆ ಬಂತು. ಆಮೇಲೆ ಮೊಣಕೈ ಒಳಗಿನ ನರಕ್ಕೆ ಇನ್ನೊಂದು ಔಷಧವನ್ನು ನಿಧಾನವಾಗಿ ಬಿಡುತ್ತಾ ಕೂತರು. ಗಡಿಯಾರ ನೋಡುತ್ತಾ, ಹನಿ ಹನಿಯಾಗಿ. ಅಷ್ಟು ಹೊತ್ತು ಒಬ್ಬ ಡಾಕ್ಟರು ನನ್ನ ಮಂಚದ ಪಕ್ಕ ಕೂತದ್ದು ಅದೇ ಮೊದಲು.

ಅವರು ಎದ್ದಾಗ ಅವ್ವ ಕೇಳಿದಳು: "ದೊಡ್ ಸೂಜಿ ಯಾವಾಗ್ ಆಕ್ತೀರಾ ಡಾಕ್ಟ್ರಮ್ಮಾ?"

"ಯಾವ ದೊಡ್ಡ ಸೂಜಿ?"

"ಅದೇ, ಪೆನ್ಸಲೀನು. ಸೀಸೇದು."

"ಅದು ಬೇಡಮ್ಮ. ಇವಳಿಗೆ ಜ್ವರ ಇಲ್ಲ, ಕಫದಲ್ಲಿ ಕೀವಿಲ್ಲ. ಇವಳಿಗೆ ಆಗಿರೋದು ಉಬ್ಬಸ. ಪೆನಿಸಿಲಿನ್ ಉಬ್ಬಸಕ್ಕೆ ಔಷಧಿ ಅಲ್ಲ."

"ಮೂರ್ ಸಲಾನೂ ಅದ್ರಲ್ಲೇ ವಾಸಿ ಆಗಿರೋದು."

"ಅದರ ಜೊತೆ ಕೊಟ್ಟ ಬೇರೆ ಔಷಧೀಲಿ ವಾಸಿಯಾಗಿರೋದು."

ಡಾಕ್ಟ್ರಮ್ಮ ಆಚೆ ಹೋದ ಮೇಲೆ ಅವ್ವ ಪಕ್ಕದ ಮಂಚದ ಹೆಂಗಸಿಗೆ ಹೇಳಿದಳು: "ನೋಡ್ದ್ರಾ? ನಾವು ಅಳ್ಳಿಯೋರು ಅಂತ ಔಸ್ದಿ ಉಳುಸ್ತಾವ್ರೆ." ಆ ಹೆಂಗಸಿನ ಮಗನಿಗೆ ಆಗತಾನೇ ಸೀಸೆಯ ಸೂಜಿ ಆಗಿತ್ತು. ಸೀಸೆ ಅವನ ದಿಂಬಿನ ಪಕ್ಕದಲ್ಲಿತ್ತು. ನಾನು ಹೊದಿಕೆಯ ಸಂದಿನಿಂದ ಅದನ್ನೇ ನೋಡುತ್ತಿದ್ದೆ.

ಅವ್ವನನ್ನು ನಾನು ದೂರುವುದಿಲ್ಲ. ಕಣ್ಣಿಗೆ ಕಾಣುತ್ತಿದ್ದ ಔಷಧಿ ಅವಳಿಗೆ ಅದೊಂದೇ. ಉಳಿದದ್ದೆಲ್ಲ ಹಬೆ, ಗಡಿಯಾರ, ಕಾಯುವುದು. ಸಂಜೆ ದೊಡ್ಡ ಡಾಕ್ಟರು ರೌಂಡಿಗೆ ಬಂದಾಗ ಅವಳು ಅವರ ಕಾಲಿಗೆ ಬಿದ್ದಳು. ಅಪ್ಪ ಬಾಗಿಲಲ್ಲಿ ಪೇಟ ಕೈಯಲ್ಲಿ ಹಿಡಿದು ನಿಂತಿದ್ದ.

"ಏಳಮ್ಮ, ಏಳು," ಎಂದರು ದೊಡ್ಡ ಡಾಕ್ಟರು. ಕೆಟ್ಟವರಲ್ಲ, ದಣಿದಿದ್ದರು. ಡಾಕ್ಟ್ರಮ್ಮನ ಕಡೆ ತಿರುಗಿ, "ಬರೆದುಬಿಡಿ. ತಾಯಿ ಹೆದರಿದಾಳೆ. ಕೊಟ್ರೆ ನಷ್ಟ ಏನು?" ಎಂದರು.

"ಸಾರ್, ಮಗುಗೆ ಸೋಂಕಿನ ಗುರುತು ಒಂದೂ ಇಲ್ಲ."

"ಇಲ್ಲ ಅಂತ ಹೇಗೆ ಖಚಿತವಾಗಿ ಹೇಳ್ತೀರಿ? ಇಷ್ಟು ಏದುಸಿರಲ್ಲಿ? ಬರೀರಿ."

ಅವರು ಮುಂದಿನ ಮಂಚಕ್ಕೆ ಹೋದರು. ಡಾಕ್ಟ್ರಮ್ಮ ಬರೆದರು. ಅವರ ಕಿವಿ ಕೆಂಪಾಗಿತ್ತು.

ಸಿಸ್ಟರ್ ಟ್ರೇ ತಂದರು. ಕುದಿಸಿದ ಗಾಜಿನ ಸಿರಿಂಜು, ಹತ್ತಿ, ಸೀಸೆ. ಅವ್ವ ಕಣ್ಣೊರೆಸಿಕೊಂಡು ನನ್ನ ತಲೆ ಸವರಿದಳು. "ಬಂತು ನೋಡು ಮಗ, ಬಂತು," ಎಂದಳು. ಸಿಸ್ಟರ್ ಪ್ರತಿ ಸಲ ಕೇಳುವ ಪ್ರಶ್ನೆಯನ್ನೇ ಕೇಳಿದರು: "ಮುಂಚೆ ಕೊಟ್ಟಾಗ ಏನಾದ್ರೂ ಆಗಿತ್ತಾ?"

"ಏನೂ ಇಲ್ಲ. ನಮ್ ಚಂದ್ರಿಗೆ ಬೋ ಒಗ್ಗುತದೆ," ಎಂದಳು ಅವ್ವ.

ಸಿಸ್ಟರ್ ಸೀಸೆಗೆ ನೀರು ಬಿಟ್ಟು ಅಂಗೈಗಳ ನಡುವೆ ಉರುಳಿಸತೊಡಗಿದರು. ಪುಡಿ ಮೋಡದಂತೆ ಎದ್ದು ಸುತ್ತುತ್ತಿತ್ತು. ನಾನು ಅದರೊಳಗೆ ಇಳಿದುಹೋಗುತ್ತಿದ್ದೆ. ಆಗ ಡಾಕ್ಟ್ರಮ್ಮ ಹೊದಿಕೆಯ ಗುಡಾರದೊಳಗೆ ತಲೆ ಹಾಕಿದರು. ಹಬೆಯಲ್ಲಿ ಅವರ ಮುಖ ಒದ್ದೆಯಾಯಿತು.

"ಚಂದ್ರಿ. ನಿಮ್ಮಮ್ಮನ್ನ ಕೇಳ್ತಿಲ್ಲ, ನಿನ್ನ ಕೇಳ್ತಿದೀನಿ. ಆ ಸೂಜಿ ಹಾಕಿದ ಮೇಲೆ ನಿನಗೆ ಏನಾದ್ರೂ ಆಗ್ತಿತ್ತಾ?"

ಯಾರೂ ನನ್ನನ್ನು ಕೇಳಿರಲಿಲ್ಲ. ಮೂರು ಸಲದಲ್ಲಿ ಒಮ್ಮೆಯೂ.

ಆ ಗಳಿಗೆಯನ್ನು ನಾನು ಬಹಳ ಸಲ ತಿರುಗಿಸಿ ನೋಡಿದ್ದೇನೆ. ತುಟಿ ದಪ್ಪವಾಗುವುದು ಗೊತ್ತಿತ್ತು. ಈಗಾಗಲೇ ಇಷ್ಟು ಕಡಿಮೆ ಗಾಳಿಯಲ್ಲಿ ಅದೂ ಬಂದರೆ ಗಾಳಿಗೆ ಜಾಗವಿರುವುದಿಲ್ಲ ಎಂದು ಮೈಗೆ ಗೊತ್ತಿತ್ತು. ಸೀಸೆಯೂ ಕಣ್ಣೆದುರಿಗಿತ್ತು. ಅಪ್ಪ ಮೊಳಕೆಯಿಂದ ಕಣ್ಣೆತ್ತಿ ನನ್ನನ್ನು ನೋಡಿದ್ದು ಇತ್ತು. ಎರಡೂ ಒಂದೇ ತೂಕ ಅನಿಸಿತು. ಒಂಬತ್ತು ವರ್ಷದ ಹುಡುಗಿಗೆ ಹಾಗನಿಸಿತ್ತು. ಆದರೆ ಆ ಒದ್ದೆ ಮುಖ ನನ್ನ ಉತ್ತರಕ್ಕೆ ಕಾಯುತ್ತಿತ್ತು.

"ತುಟಿ," ಎಂದೆ. ಒಂದು ಉಸಿರಿಗೆ ಒಂದು ಮಾತಷ್ಟೇ ಬರುತ್ತಿತ್ತು. "ದಪ್ಪ." ಮತ್ತೆ ಎಳೆದುಕೊಂಡೆ. "ಆಯ್ತದೆ."

ಸಿಸ್ಟರ ಅಂಗೈಗಳು ನಿಂತವು.

"ಇನ್ನೇನು?"

"ಕೈ. ತುರಿ. ದದ್ದು."

ಡಾಕ್ಟ್ರಮ್ಮ ಸಿಸ್ಟರ ಕೈಯಿಂದ ಸೀಸೆ ತೆಗೆದು ಟ್ರೇಯಲ್ಲಿಟ್ಟು, ಟ್ರೇಯನ್ನು ಕಿಟಕಿಯ ಹತ್ತಿರ ದೂರ ಇಟ್ಟುಬಂದರು. ಕೇಸು ಕಾಗದದ ಮೇಲೆ ಕೆಂಪು ಶಾಯಿಯಲ್ಲಿ ದೊಡ್ಡದಾಗಿ ಏನೋ ಬರೆದರು.

"ಯಾಕೆ ಯಾರ್ಗೂ ಏಳ್ಲಿಲ್ಲ ನೀನು?" ಎಂದಳು ಅವ್ವ. ದನಿ ಬಹಳ ಸಣ್ಣದಾಗಿತ್ತು.

"ಸೀಸೆ," ಎಂದೆ. "ಕೊಡಲ್ಲ. ಅಂತ."

ಅವ್ವ ಮಂಚದ ಕಬ್ಬಿಣ ಹಿಡಿದುಕೊಂಡಳು. ಯಾರಿಗೂ ಅಲ್ಲದಂತೆ, "ನಾನ್ ನೀರಿಡಿಯಕ್ ಓಗಿದ್ದೆ ಅವತ್ತು," ಎಂದಳು. ನಾನು ಯಾವ ದಿನವೆಂದು ಹೇಳಿಯೇ ಇರಲಿಲ್ಲ.

ಸೂಜಿ ತಪ್ಪಿತು, ಆದರೆ ಉಬ್ಬಸ ಇಳಿದಿರಲಿಲ್ಲ. ಆಮೇಲಿನ ಹೊತ್ತು ನನಗೆ ತುಂಡು ತುಂಡಾಗಿ ನೆನಪಿದೆ. ಹಬೆ. ಕಿಟಕಿಯ ಕೆಳಗಿನ ಗಾಜಿಗೆ ಬಳಿದ ಹಸಿರು ಬಣ್ಣ. ಆ ಹಸಿರು ಬೆಳಕು ಬೆಳೆಯುತ್ತಾ ಬಂದು ವಾರ್ಡೆಲ್ಲ ಕೆರೆಯ ನೀರಾಯಿತು. ಮಂಚಗಳು ದೋಣಿಗಳಾದವು. ನನ್ನ ಹೆಗಲುಗಳ ಏರಿಳಿತ ಬೇರೆ ಯಾರದೋ ಅನಿಸಿತು. ಹಾಯಾಗಿತ್ತು.

"ಚಂದ್ರಿ, ನಿದ್ದೆ ಬಂದಂಗೆ ಹಾಯಾಗಿದೆಯಾ?" ಡಾಕ್ಟ್ರಮ್ಮ ಸ್ಟೂಲಿನ ಮೇಲೆ ಕೂತಿದ್ದರು.

ತಲೆಯಾಡಿಸಿದೆ.

"ಆ ಹಾಯಿ ಬೇಡ. ಒಳ್ಳೇದಲ್ಲ ಅದು. ನನ್ನ ಮುಖ ನೋಡು, ಮಾತಾಡು. ನಿಮ್ಮ ತೋಟದಲ್ಲಿ ಏನೇನು ಸೊಪ್ಪಿದೆ?"

"ದಂಟು," ಎಂದೆ. ಬಹಳ ಹೊತ್ತಿನ ಮೇಲೆ, "ಮೆಂತ್ಯ." ಒಂದು ಉಸಿರಿಗೆ ಒಂದು ಸೊಪ್ಪು. "ಸಬ್ಬಸಿಗೆ." ನಾನು ನಿಲ್ಲಿಸಿದರೆ ಅವರು "ಆಮೇಲೆ?" ಎನ್ನುತ್ತಿದ್ದರು. ಮುಗಿದರೆ ಮೊದಲಿಂದ. ನಡುವೆ ಎದ್ದು ಮತ್ತೊಮ್ಮೆ ನರಕ್ಕೆ ಔಷಧಿ ಬಿಟ್ಟರು, ಬಂದು ಕೂತರು. ಅವ್ವನಿಗೆ ನನ್ನ ಕತ್ತಿನ ಕೆಳಗಿನ ಗುಳಿ ತೋರಿಸಿದರು. "ಇಲ್ಲಿ ನೋಡ್ತಿರಮ್ಮ. ಉಸಿರು ಎಳೆದಾಗ ಇದು ಒಳಗೆ ಹೋಗ್ತಿದೆಯಲ್ಲ, ಅದು ಕಮ್ಮಿಯಾಗಬೇಕು. ಒಂದು ಉಸಿರಿಗೆ ಎಷ್ಟು ಸೊಪ್ಪು ಹೇಳ್ತಾಳೆ, ಅದನ್ನೂ ನೋಡು. ಜಾಸ್ತಿಯಾದ್ರೆ ವಾಸಿಯಾಗ್ತಿದಾಳೆ ಅಂತ."

ಅವ್ವ ಆಗಿನಿಂದ ಆ ಗುಳಿಯನ್ನು ಬಿಟ್ಟು ಬೇರೆ ಏನನ್ನೂ ನೋಡಲಿಲ್ಲ. ಮರುದಿನ ಬೆಳಗ್ಗೆ ನಾನು ಒಂದೇ ಉಸಿರಿಗೆ "ದಂಟು ಮೆಂತ್ಯ" ಎಂದೆ. ಅವಳು ಓಡಿಹೋಗಿ ವರಾಂಡದಲ್ಲಿ ಕೂತಿದ್ದ ಅಪ್ಪನಿಗೆ ಹೇಳಿದಳು: "ಎರಡಾಯ್ತು, ಎರಡಾಯ್ತು." ಪಕ್ಕದ ಮಂಚದ ಹೆಂಗಸು ಏನು ಎರಡು ಎಂದು ಕೇಳಿದಾಗ ಅವ್ವ, "ಸೊಪ್ಪು," ಎಂದು ಹೇಳಿ ಅತ್ತುಬಿಟ್ಟಳು.

ದೊಡ್ಡ ಡಾಕ್ಟರು ಆ ಬೆಳಗ್ಗೆ ಕೆಂಪು ಶಾಯಿಯನ್ನು ಓದಿದರು. ನನ್ನ ಎದೆಗೆ ಕೊಳವೆಯಿಟ್ಟು ಹಿಂದಿನ ದಿನಕ್ಕಿಂತ ಹೆಚ್ಚು ಹೊತ್ತು ಕೇಳಿದರು. ಡಾಕ್ಟ್ರಮ್ಮನಿಗೆ, "ಸರಿ," ಎಂದರು. ಅಷ್ಟೇ. ಆದರೆ ಪಕ್ಕದ ಮಂಚಕ್ಕೆ ಹೋದಾಗ ಆ ಹುಡುಗನ ಅಮ್ಮನನ್ನು ಬಿಟ್ಟು ಹುಡುಗನನ್ನೇ ಕೇಳಿದರು, ಸೂಜಿ ಆದ ಮೇಲೆ ಏನಾದರೂ ಆಗುತ್ತದೆಯೇ ಎಂದು.

ಈ ಉಬ್ಬಸ ನನ್ನನ್ನು ಬಿಟ್ಟುಹೋಗಲಿಲ್ಲ, ನಾನೂ ಹೋಗೆಂದು ಹೇಳುವುದನ್ನು ಬಿಟ್ಟಿದ್ದೇನೆ. ಹೊಸ ಔಷಧಿಗಳು ಬಂದವು, ಸೊಂಟದ ಚೀಲದಲ್ಲಿ ಅವುಗಳಿಗೊಂದು ಜಾಗವಿದೆ. ಯಾವ ಆಸ್ಪತ್ರೆಗೆ ಹೋದರೂ ಹೆಸರು ಹೇಳುವ ಮೊದಲು ಪೆನಿಸಿಲಿನ್ ನನಗೆ ಆಗುವುದಿಲ್ಲ ಎಂದು ಹೇಳುತ್ತೇನೆ. ಕಾಯುವ ಬೆಂಚಿನ ಮೇಲೆ ಮಗುವನ್ನು ಮುಂದಕ್ಕೆ ಬಾಗಿಸಿ ಹಿಡಿದು ಕೂತ ತಾಯಂದಿರನ್ನು ಕಂಡರೆ ಪಕ್ಕದಲ್ಲಿ ಹೋಗಿ ಕೂರುತ್ತೇನೆ. ಅವರಿಗೆ ಹೇಳಲು ನನ್ನ ಹತ್ತಿರ ಹೆಚ್ಚೇನಿಲ್ಲ. ಮಗುವನ್ನೂ ಒಂದು ಮಾತು ಕೇಳಿ ಎನ್ನುತ್ತೇನೆ.

ಆ ಸಲ ಆರನೆಯ ದಿನ ಮನೆಗೆ ಬಂದೆವು. ಅವ್ವನ ಮಡಿಲು ಖಾಲಿಯಿತ್ತು. ಅಜ್ಜಿ ಅದನ್ನು ನೋಡಿದಳು, ಕೇಳಲಿಲ್ಲ. ಅಡುಗೆಮನೆಯಲ್ಲಿ ಅವ್ವ ಅವಳಿಗೆ ಏನೋ ಹೇಳುತ್ತಿದ್ದುದು ಕೇಳಿಸಿತು. ಮರುದಿನ ಬಿಸಿಲು ಬಂದ ಮೇಲೆ ಅಜ್ಜಿ ಜಗಲಿಗೆ ಒಂದು ಬೋಗುಣಿ ಒದ್ದೆ ಮರಳು ತಂದಿಟ್ಟಳು. ಪಕ್ಕದಲ್ಲಿ ಬೀಜ ತುಂಬಿದ ಮೂರು ಸೀಸೆ.

"ದಂಟಿನ ಬೀಜ ಬೋ ಸಣ್ಣದು, ಬರೀ ಕೈಲಿ ಎರಚುದ್ರೆ ಒಂದೇ ಕಡೆ ಬೀಳ್ತದೆ," ಎಂದಳು. "ಮರಳಲ್ಲಿ ಬೆರ್ಸು. ಒಂದೇ ಸಮ ಬೆರ್ಸ್ಬೇಕು. ಧೂಳಿಲ್ಲ, ಒದ್ದೆ ಮಾಡಿವ್ನಿ. ಇನ್ಮೇಲೆ ಇದು ನಿನ್ ಕೆಲ್ಸ."

ಮುಚ್ಚಳ ತೆಗೆದು ಸುರಿದೆ. ಕರಿ ಬೀಜಗಳು ಮರಳಿನಲ್ಲಿ ಮಿನುಗಿದವು. ಎರಡನೆಯ ಸೀಸೆ ತೆಗೆಯುವಷ್ಟರಲ್ಲಿ ನಂಜಕ್ಕ ಬಂದಳು. ಬಗ್ಗಿ ನೋಡಿದಳು, ಅತ್ತಿತ್ತ ನೋಡಿದಳು.

"ಎಲ್ಲೇ, ನನ್ ಸೀಸೆ?"

"ಈ ಸಲ ಇಲ್ಲ ಕಣೆ," ಎಂದಳು ಅವ್ವ ಬಾಗಿಲಿಗೆ ಬಂದು.

"ಇಲ್ವಾ? ಸೂಜೀನೇ ಆಕ್ಲಿಲ್ವಾ? ಆರ್ ದಿನ ಸುಮ್ನೆ ಮಲಗ್ಸಿದ್ರಾ?" ನಂಜಕ್ಕ ಸೊಂಟದ ಮೇಲೆ ಕೈಯಿಟ್ಟಳು. "ಮತ್ತೆ ಮಗೀಗೆ ವಾಸಿ ಎಂಗಾಯ್ತು?"

ಅವ್ವ ನನ್ನ ಕತ್ತಿನ ಗುಳಿಯನ್ನು ಒಮ್ಮೆ ನೋಡಿದಳು.

"ಚಂದ್ರಿ, ಸೊಪ್ಪೇಳು."

ಮರಳಿನಿಂದ ಕೈ ತೆಗೆಯದೆ ಹೇಳಿದೆ: "ದಂಟು ಮೆಂತ್ಯ ಸಬ್ಬಸಿಗೆ ಕೊತ್ತಂಬರಿ ಪಾಲಕ್ಕು ಚಕ್ಕೋತ ಬಸಳೆ." ಒಂದೇ ಉಸಿರಿಗೆ.

ನಂಜಕ್ಕನಿಗೆ ಅರ್ಥವಾಗಲಿಲ್ಲ. ಆದರೆ ಅವ್ವನ ಮುಖ ನೋಡಿ ಸೊಂಟದಿಂದ ಕೈ ಇಳಿಸಿದಳು. ಬೆರಳು ಮಡಚಿ ಸೊಪ್ಪುಗಳನ್ನು ಎಣಿಸಿದಳು.

"ಹೊನಗೊನೆ ಸೊಪ್ಪು ಬಿಟ್ಬುಟ್ಟಲ್ಲೇ," ಎಂದಳು.

ನಾನು ಉಸಿರು ತೆಗೆದುಕೊಂಡು ಅದನ್ನೂ ಹೇಳಿದೆ.